ಬರಲಿರುವ ಕಾರ್ಡನ್ನು ಯಾವ ಸೇರಿನಲ್ಲಿ ಅಳೆಯುವುದು?

2009ರ ಸೆಪ್ಟೆಂಬರ್ 30ರಂದು ಚಿಪ್ ಕಂಪನಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ಒಂದು ಕಪ್ಪು ಗ್ರಾಫಿಕ್ಸ್ ಕಾರ್ಡ್ ಎತ್ತಿ ಹಿಡಿದರು. ಚಿಪ್‌ಗೆ ಫರ್ಮಿ ಎಂದು ಹೆಸರು. 300 ಕೋಟಿ ಟ್ರಾನ್ಸಿಸ್ಟರ್, 512 ಕೋರ್, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು. ಫೋಟೊ ದೊಡ್ಡದು ಮಾಡಿ ನೋಡಿದವರಿಗೆ ಯಾಕೋ ಅನುಮಾನ ಬಂತು. ಕಾರ್ಡಿಗೆ ಹಾಕಿದ್ದ ಸ್ಕ್ರೂಗಳು ಬಡಗಿ ಕೆಲಸದವುಗಳ ಹಾಗಿದ್ದವು! ತೋರಿಸಿದ್ದು ಬರೀ ಮಾದರಿ ಎಂದು ಕಂಪನಿ ಆಮೇಲೆ ಒಪ್ಪಿಕೊಂಡಿತು. ನಿಜವಾದ ಕಾರ್ಡ್ ಹೊರಬಿದ್ದದ್ದು 2010ರ ಮಾರ್ಚ್ ಕೊನೆಗೆ.

ಈ ಆರು ತಿಂಗಳು ಕಾದವರು ಗೇಮ್ ಆಡುವವರಷ್ಟೇ ಅಲ್ಲ. ಲೆಕ್ಕದ ಕೆಲಸ ಇದ್ದವರೂ ಕಾದರು. ಅದಕ್ಕೂ ಮೊದಲು ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸಬೇಕಾದರೆ ಆ ಲೆಕ್ಕಕ್ಕೆ ಚಿತ್ರದ ವೇಷ ಹಾಕಬೇಕಿತ್ತು. ಸಂಖ್ಯೆಗಳನ್ನು ಬಣ್ಣಗಳೆಂದು ನಂಬಿಸಿ ಕಾರ್ಡಿಗೆ ಕೊಡುವುದು, ಅದು ಬಿಡಿಸಿದ ಚಿತ್ರದಿಂದ ಉತ್ತರ ಓದಿಕೊಳ್ಳುವುದು. 2006ರ ನವೆಂಬರ್‌ನಲ್ಲಿ 128 ಕೋರ್‌ಗಳ 8800 ಜಿಟಿಎಕ್ಸ್ ಬಂತು. ಮರುವರ್ಷ ‘ಕೂಡಾ’ (CUDA) ಎಂಬ ಪ್ರೋಗ್ರಾಮಿಂಗ್ ಸಲಕರಣೆ ಜನರ ಕೈಗೆ ಸಿಕ್ಕಿತು. ವೇಷ ಕಳಚಿತು.

ಉಳಿದದ್ದು ನಿಖರತೆಯ ತಕರಾರು. ಚಿತ್ರಕ್ಕೆ 32 ಬಿಟ್ ಸಂಖ್ಯೆ, ಅಂದರೆ ಸುಮಾರು ಏಳು ಅಂಕಿಯ ನಿಖರತೆ, ಧಾರಾಳ ಸಾಕು. ಹವಾಮಾನ, ಅಣುಗಳ ಚಲನೆ ಇಂಥ ಲೆಕ್ಕಗಳಿಗೆ ಎಷ್ಟೋ ಸಲ 64 ಬಿಟ್ ಬೇಕು, ಹದಿನೈದು ಹದಿನಾರು ಅಂಕಿಯಷ್ಟು. ಫರ್ಮಿ 64 ಬಿಟ್ ಲೆಕ್ಕವನ್ನು 32 ಬಿಟ್‌ನ ಅರ್ಧ ವೇಗದಲ್ಲಿ ಮಾಡುತ್ತದೆ ಎಂದು ಹೇಳಿದ್ದರಿಂದಲೇ ಅಷ್ಟೊಂದು ಆಸೆ.

ಕೊನೆಗೆ ಬಂದ ಫರ್ಮಿಯ ಗೇಮ್ ಕಾರ್ಡ್ ಜಿಟಿಎಕ್ಸ್ 480ರಲ್ಲಿ ಕೋರ್‌ಗಳು 480 ಮಾತ್ರ. 40 ನ್ಯಾನೊಮೀಟರ್‌ನ ಆ ದೊಡ್ಡ ಚಿಪ್ಪನ್ನು ದೋಷವಿಲ್ಲದೆ ತಯಾರಿಸುವುದು ಆಗ ಕಷ್ಟವಾಗಿತ್ತು. 64 ಬಿಟ್ ವೇಗ ಅರ್ಧ ಅಲ್ಲ, ಎಂಟರಲ್ಲಿ ಒಂದು ಪಾಲು. ಅರ್ಧ ವೇಗ ಸಿಕ್ಕಿದ್ದು ಇದೇ ಚಿಪ್ ಇದ್ದ, ಲೆಕ್ಕದ ಕೆಲಸಕ್ಕೆಂದೇ ಎನ್‌ವಿಡಿಯಾ ಮಾರುತ್ತಿದ್ದ ಟೆಸ್ಲಾ ಕಾರ್ಡುಗಳಿಗೆ. ಚಿಪ್ ಅದೇ, ಬೀಗ ಬೇರೆ! ಟೆಸ್ಲಾ ಕೊಂಡವರಿಗೆ ಮೋಸವಾಗಲಿಲ್ಲ ಬಿಡಿ. ಅಂಥ 7,168 ಕಾರ್ಡುಗಳಿದ್ದ ಚೀನಾದ ಟಿಯಾನ್‌ಹೆ-1ಎ ಅದೇ ವರ್ಷದ ನವೆಂಬರ್‌ನಲ್ಲಿ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್ ಆಯಿತು.

ಇನ್ನು ಹೋಲಿಕೆ. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿಯ ಕಾರ್ಡ್ ರೇಡಿಯಾನ್ ಎಚ್‌ಡಿ 5870 ಫರ್ಮಿ ಪ್ರದರ್ಶನಕ್ಕೆ ಒಂದು ವಾರ ಮೊದಲೇ ಮಾರುಕಟ್ಟೆಗೆ ಬಂದಿತ್ತು. ಜಾಹೀರಾತಿನಲ್ಲಿ ಕಾಣುವ ಟೆರಾಫ್ಲಾಪ್ (ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ) ಬರೀ ಗುಣಾಕಾರ: ಕೋರ್‌ಗಳ ಸಂಖ್ಯೆ, ಅದಕ್ಕೆ ಎರಡು (ಪ್ರತಿ ಬಡಿತಕ್ಕೆ ಒಂದು ಗುಣಿಸುವುದು, ಒಂದು ಕೂಡುವುದು), ಅದಕ್ಕೆ ಗಡಿಯಾರದ ವೇಗ, ಅಂದರೆ ಸೆಕೆಂಡಿಗೆ ಎಷ್ಟು ಬಡಿತ ಎಂಬುದು. ರೇಡಿಯಾನ್‌ನ 1,600 ಕೋರ್, 850 ಮೆಗಾಹರ್ಟ್ಸ್ ಸೇರಿದರೆ 2.72. ಜಿಟಿಎಕ್ಸ್‌ನ 480 ಕೋರ್, 1,401 ಮೆಗಾಹರ್ಟ್ಸ್ ಸೇರಿದರೆ 1.34. ಕಾಗದದ ಮೇಲೆ ರೇಡಿಯಾನ್ ಎರಡು ಪಟ್ಟು. ಆದರೆ ಆ 1,600 ಎಂದರೆ ಐದೈದರ 320 ಗುಂಪುಗಳು. ಐವರಿಗೂ ಒಂದೇ ಹೊತ್ತಿಗೆ ಕೆಲಸ ಹಚ್ಚಿದರೆ ಮಾತ್ರ ಪೂರ್ತಿ ವೇಗ. ಒಂದರ ಉತ್ತರ ಬಂದ ಮೇಲೆ ಇನ್ನೊಂದು ಶುರುವಾಗುವಂಥ ಲೆಕ್ಕಗಳಲ್ಲಿ ಉಳಿದವರು ಸುಮ್ನೆ ಕೂರುತ್ತಿದ್ದರು. ಬಿಟ್‌ಕಾಯಿನ್ ಗಣಿಗಾರಿಕೆ ಬಂದಾಗ ಪರಿಸ್ಥಿತಿ ತಿರುಗಿತು. ಆ ಕೆಲಸ ಐದರ ಗುಂಪಿಗೆ ಚೆನ್ನಾಗಿ ಹೊಂದುತ್ತಿತ್ತು, ಅದಕ್ಕೆ ಬೇಕಾದ ಬಿಟ್ ತಿರುಗಿಸುವ ಆದೇಶವೂ ರೇಡಿಯಾನ್‌ನಲ್ಲಿತ್ತು. ಅಲ್ಲಿ ಅದು ಜಿಟಿಎಕ್ಸ್ 480ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ವೇಗ. ಯಾವುದು ಒಳ್ಳೆಯ ಕಾರ್ಡ್ ಎಂದು ಕೇಳಿದರೆ ಯಾವ ಲೆಕ್ಕಕ್ಕೆ ಎಂದು ತಿರುಗಿ ಕೇಳಬೇಕಾಗಿತ್ತು.

2012ರಲ್ಲಿ ಅಲೆಕ್ಸ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ಅದನ್ನು ತರಬೇತುಗೊಳಿಸಿದ್ದು ಎರಡು ಜಿಟಿಎಕ್ಸ್ 580 ಕಾರ್ಡುಗಳಲ್ಲಿ, ಐದಾರು ದಿನ. ಎರಡು ಯಾಕೆ? ಒಂದೊಂದರಲ್ಲಿ ಇದ್ದದ್ದು 3 ಜಿಬಿ ಮೆಮೊರಿ, ನೆಟ್‌ವರ್ಕ್ ಅದರಲ್ಲಿ ಹಿಡಿಸಲಿಲ್ಲ. ಈ ಕೆಲಸಕ್ಕೆ 64 ಬಿಟ್ ಬೇಕಿರಲೇ ಇಲ್ಲ. 32 ಕೂಡ ಹೆಚ್ಚೇ ಎಂದು ಬರಬರುತ್ತಾ ತಿಳಿಯಿತು.

ಅಲ್ಲಿಂದ ದಾರಿ ಕವಲೊಡೆಯಿತು. 2013ರ ಜಿಟಿಎಕ್ಸ್ ಟೈಟನ್ 64 ಬಿಟ್‌ನಲ್ಲಿ ಸುಮಾರು 1.3 ಟೆರಾಫ್ಲಾಪ್ ಕೊಡುತ್ತಿತ್ತು. 2022ರ ಆರ್‌ಟಿಎಕ್ಸ್ 4090 ಎಷ್ಟು ಕೊಡುತ್ತದೆ ಗೊತ್ತಾ? ಅದೂ ಸುಮಾರು 1.3! ಒಂಬತ್ತು ವರ್ಷವಾದರೂ ನಿಂತಲ್ಲೇ ನಿಂತಿದೆ. ಇನ್ನೊಂದು ಕಡೆ ಬಿಟ್‌ಗಳು ಇಳಿಯುತ್ತಾ ಹೋದವು. ನ್ಯೂರಲ್ ನೆಟ್‌ವರ್ಕ್ ಲೆಕ್ಕಕ್ಕೆಂದೇ ಮಾಡಿದ ಟೆನ್ಸರ್ ಕೋರ್ 2017ರ ವಿ100 ಕಾರ್ಡಿನಲ್ಲಿ 16 ಬಿಟ್‌ನದು, ದಶಮಾಂಶ ಸಂಖ್ಯೆಗಳ ಲೆಕ್ಕ 2022ಕ್ಕೆ 8 ಬಿಟ್, 2025ರ ಆರ್‌ಟಿಎಕ್ಸ್ 5090ರಲ್ಲಿ 4 ಬಿಟ್. ನಡುವೆ 2020ರಲ್ಲಿ ಇನ್ನೊಂದು ಉಪಾಯವೂ ಬಂತು: ಪ್ರತಿ ನಾಲ್ಕು ಸಂಖ್ಯೆಯಲ್ಲಿ ಎರಡು ಸೊನ್ನೆಯಾಗಿದ್ದರೆ ಅವನ್ನು ಬಿಟ್ಟು ಲೆಕ್ಕ ಮಾಡುವುದು. ಜಾಹೀರಾತಿನ ಅಂಕಿ ಮತ್ತೆ ಎರಡು ಪಟ್ಟಾಯಿತು. ಸಂಖ್ಯೆಗಳು ಹಾಗೆ ಜೋಡಣೆಯಾಗದವರಿಗೆ ಅದರಿಂದ ಏನೂ ಸಿಗಲಿಲ್ಲ.

ಸೇರು ಚಿಕ್ಕದಾದರೆ ಕಾಳು ಜಾಸ್ತಿಯಾದ ಹಾಗೆ ಕಾಣುತ್ತದೆ ಅಲ್ವಾ, ಇಲ್ಲೂ ಹಾಗೇ. 4090ಗೆ ಎಐ ಅಂಕಿ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬುದು) 1,321, 5090ಗೆ 3,352 ಎಂದು ಎನ್‌ವಿಡಿಯಾ ಪ್ರಕಟಣೆ ಹೇಳುತ್ತದೆ. ಎರಡೂವರೆ ಪಟ್ಟು! ಮೊದಲನೆಯದು 8 ಬಿಟ್‌ನ ಲೆಕ್ಕ, ಎರಡನೆಯದು 4 ಬಿಟ್‌ನದು. ಬಿಟ್ ಅರ್ಧವಾದರೆ ಅಂಕಿ ತಾನಾಗಿ ಎರಡು ಪಟ್ಟಾಗುತ್ತದೆ. ಆ ಎರಡು ಪಟ್ಟನ್ನು ಕಳೆದು ನೋಡಿದರೆ ಉಳಿಯುವುದು ಶೇ. 27. ಹಳೆಯ ಗುಣಾಕಾರದ 32 ಬಿಟ್ ಟೆರಾಫ್ಲಾಪ್ ಕೂಡ 82.6ರಿಂದ 104.8ಕ್ಕೆ ಏರಿದೆ, ಅದೂ ಶೇ. 27. ವಿದ್ಯುತ್ ಮಾತ್ರ 450 ವ್ಯಾಟ್‌ನಿಂದ 575ಕ್ಕೆ, ಶೇ. 28.

ಹಾಗಂತ 5090ಯನ್ನು ತಳ್ಳಿಹಾಕುವುದೂ ಸರಿಯಲ್ಲ. ದೊಡ್ಡ ಅಕ್ಷರದಲ್ಲಿ ಯಾರೂ ಬರೆಯದ ಒಂದು ಅಂಕಿ ನಿಜವಾಗಿ ಜಿಗಿದಿದೆ. ಮೆಮೊರಿಯಿಂದ ಒಂದು ಸೆಕೆಂಡಿಗೆ 4090 ಓದುವುದು 1,008 ಜಿಬಿ, 5090 ಓದುವುದು 1,792. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಓಡಿಸುವವರಿಗೆ ನನ್ನ ಪ್ರಕಾರ ನೋಡಬೇಕಾದ ಮೊದಲ ಸಾಲು ಇದು. 700 ಕೋಟಿ ಸಂಖ್ಯೆಗಳ ಮಾದರಿ 16 ಬಿಟ್‌ನಲ್ಲಿ 14 ಜಿಬಿ ಆಗುತ್ತದೆ. ಅದು ಉತ್ತರದ ಒಂದೊಂದು ತುಣುಕು ಬರೆಯುವಾಗಲೂ ಆ 14 ಜಿಬಿಯನ್ನು ಪೂರ್ತಿ ಓದಬೇಕು. 1,008ನ್ನು 14ರಿಂದ ಭಾಗಿಸಿದರೆ 72. ಎಷ್ಟೇ ಕೋರ್ ಇದ್ದರೂ 4090 ಒಬ್ಬರಿಗೆ ಸೆಕೆಂಡಿಗೆ ಸುಮಾರು 72 ತುಣುಕಿಗಿಂತ ಜಾಸ್ತಿ ಬರೆಯಲಾರದು. 5090ಗೆ ಆ ಮಿತಿ 128.

2025ರ ಜನವರಿಯಲ್ಲಿ ಅದೇ ಜೆನ್ಸನ್ ಹುವಾಂಗ್ ಮತ್ತೆ ವೇದಿಕೆ ಹತ್ತಿ, ಚಿಕ್ಕ ಕಾರ್ಡಾದ ಆರ್‌ಟಿಎಕ್ಸ್ 5070 ಕೂಡ 4090ಯಷ್ಟು ವೇಗ ಎಂದು ಘೋಷಿಸಿದರು. ಆ ಹೋಲಿಕೆ ನಿಂತಿದ್ದು ಗೇಮ್‌ನ ನಾಲ್ಕು ಫ್ರೇಮ್‌ಗಳಲ್ಲಿ ಮೂರನ್ನು ಎಐ ಊಹಿಸಿ ಬಿಡಿಸುವ ತಂತ್ರದ ಮೇಲೆ. ಲೆಕ್ಕಕ್ಕೆಂದು ಕೊಳ್ಳುವವರಿಗೆ ಬೇಕಾದ ವಿವರ ಕೆಳಗಿನ ಸಾಲಿನಲ್ಲಿತ್ತು: 12 ಜಿಬಿ ಮೆಮೊರಿ. ಆ 14 ಜಿಬಿಯ ಮಾದರಿ ಅದರಲ್ಲಿ ಹಿಡಿಸುವುದೇ ಇಲ್ಲ.