ನಿದ್ದೆ ಮಾಡದ ಮಗನಿಗೆ ಗುಳಿಗೆ ಕೊಡಬಹುದೇ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಆಟಿಸಂ ಇದೆ, ಜೊತೆಗೆ ಎಡಿಎಚ್‌ಡಿಯೂ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಡಾಕ್ಟರು ಹೇಳಿದ್ದಾರೆ. ರಾತ್ರಿ ಒಂಬತ್ತಕ್ಕೆ ಮಲಗಿಸಿದರೆ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ. ಹೊರಳಾಡುತ್ತಾನೆ, ಎದ್ದು ಓಡಾಡುತ್ತಾನೆ. ಬೆಳಿಗ್ಗೆ ಎಬ್ಬಿಸುವುದೇ ಒಂದು ಜಗಳ. ಅತ್ತೆಯವರು ಇದು ಹಟ ಎನ್ನುತ್ತಾರೆ. ಔಷಧ ಅಂಗಡಿಯವರು ಮೆಲಟೋನಿನ್ ಗುಳಿಗೆ ಕೊಡಿ, ಏನೂ ಆಗುವುದಿಲ್ಲ ಎನ್ನುತ್ತಾರೆ. ಕೊಡಲೇ?
– ತಾಯಿಯೊಬ್ಬರು, ಕಲಬುರಗಿ

ಉತ್ತರ: ಕೊಡಬೇಕಾಗಿ ಬರಬಹುದು. ಆದರೆ ಅಂಗಡಿಯವರ ಮಾತು ಕೇಳಿ ಬೇಡ, ಈಗಲೇ ಬೇಡ.

ಮೊದಲು ಅತ್ತೆಯವರಿಗೆ ಉತ್ತರ ಕೊಟ್ಟುಬಿಡೋಣ. ಕತ್ತಲಾದಂತೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಯುವುದು ಅದರಿಂದಲೇ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಲ್ಲಿ ಅದು ತಡವಾಗಿ ಏರುತ್ತದೆ. ಆಟಿಸಂ ಇರುವ ಕೆಲವರಲ್ಲಿ ಅದರ ಪ್ರಮಾಣವೇ ಕಡಿಮೆ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ದೆಯ ತೊಂದರೆ ಇದ್ದೇ ಇರುತ್ತದೆ. ನಿಮ್ಮ ಮಗನಿಗೆ ಒಂಬತ್ತು ಗಂಟೆಗೆ ನಿದ್ದೆ ಬರುತ್ತಿಲ್ಲ, ಅಷ್ಟೇ. ಬಾರದ ನಿದ್ದೆಗಾಗಿ ಮೂರು ತಾಸು ಬೈಸಿಕೊಳ್ಳುತ್ತಾ ಮಲಗಿದರೆ ಹಾಸಿಗೆ ಕಂಡರೇ ಅವನಿಗೆ ಬೇಸರ ಹುಟ್ಟುತ್ತದೆ.

ಆದ್ದರಿಂದ ಕೆಲವು ದಿನ ಒಂಬತ್ತಕ್ಕೆ ಮಲಗಿಸುವುದನ್ನೇ ಬಿಡಿ. ಅವನು ನಿಜವಾಗಿ ನಿದ್ದೆ ಹೋಗುವ ಹೊತ್ತಿಗೆ, ಅಂದರೆ ಹನ್ನೆರಡರ ಸುಮಾರಿಗೆ ಮಲಗಿಸಿ. ಬೇಗ ನಿದ್ದೆ ಹತ್ತತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಬೆಳಿಗ್ಗೆ ಏಳುವ ಸಮಯ ಮಾತ್ರ ಕದಲಬಾರದು, ಭಾನುವಾರವೂ ಸೇರಿ. ಎದ್ದ ಕೂಡಲೇ ಅಂಗಳದ ಬೆಳಕಿಗೆ ಕರೆತನ್ನಿ. ತಡವಾಗಿ ಮಲಗಿದ ಮಗುವನ್ನು ಅದೇ ಹೊತ್ತಿಗೆ ಎಬ್ಬಿಸಲು ಕರುಳು ಒಪ್ಪುವುದಿಲ್ಲ, ಗೊತ್ತು. ಇಡೀ ಉಪಾಯ ನಿಂತಿರುವುದು ಅದರ ಮೇಲೆಯೇ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು. ಈ ಕೊರತೆ ಕೆಲವು ದಿನ ಮಾತ್ರ. ರಜೆಯಲ್ಲಿ ಶುರುಮಾಡಿದರೆ ಶಾಲೆಗೂ ತೊಂದರೆಯಾಗದು.

ಇನ್ನು ಚಹಾ. ನಮ್ಮ ಭಾಗದ ಮನೆಗಳಲ್ಲಿ ಸಂಜೆ ಐದಕ್ಕೆ ದೊಡ್ಡವರ ಜೊತೆ ಮಕ್ಕಳಿಗೂ ಅರ್ಧ ಕಪ್ ಚಹಾ, ಅದರಲ್ಲಿ ಅದ್ದಿಕೊಳ್ಳಲು ಟೋಸ್ಟ್. ಅದರ ಕೆಫೀನ್ ರಾತ್ರಿಯವರೆಗೂ ರಕ್ತದಲ್ಲಿರುತ್ತದೆ. ಸಾಲದ್ದಕ್ಕೆ ಚಹಾ ಊಟದಲ್ಲಿನ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ. ಕಬ್ಬಿಣ ಕಡಿಮೆಯಾದ ಮಗುವಿಗೆ ರಾತ್ರಿ ಕಾಲು ಸುಮ್ಮನಿರದೇ ಹೋಗಬಹುದು. ಝಾಡಿಸುತ್ತದೆ, ಉಜ್ಜಿಕೊಳ್ಳುತ್ತದೆ, ಹೊರಳುತ್ತದೆ. ಮಾತು ಕಡಿಮೆ ಇರುವ ಮಗು ‘ಕಾಲಲ್ಲಿ ಏನೋ ಹರಿದಾಡುತ್ತಿದೆ’ ಎಂದು ಹೇಳುವುದಾದರೂ ಹೇಗೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಿರಬಹುದು. ಹಾಗಾಗಿ ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ಹೆಸರು ಹೇಳಿ ಕೇಳಿ. ಕಬ್ಬಿಣದ ಔಷಧವನ್ನೂ ಡಾಕ್ಟರೇ ಬರೆಯಬೇಕು.

ಮಗ ಬಾಯಿ ತೆರೆದು ಮಲಗುತ್ತಾನೆಯೇ? ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತೆ ಮಾಡುತ್ತಾನೆಯೇ? ಹಾಗಿದ್ದರೆ ಟಾನ್ಸಿಲ್, ಅಡಿನಾಯ್ಡ್ ಊದಿರಬಹುದು. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಮಲಬದ್ಧತೆ, ಹಲ್ಲುನೋವು, ಫಿಟ್ಸ್ ಕೂಡ ನಿದ್ದೆ ಕೆಡಿಸುತ್ತವೆ. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಕೊಡುತ್ತಿದ್ದರೆ ಯಾವ ಹೊತ್ತಿಗೆ ಎಂಬುದನ್ನು ಡಾಕ್ಟರ ಬಳಿ ಮತ್ತೆ ಮಾತನಾಡಿ. ತಡವಾಗಿ ಕೊಟ್ಟ ಡೋಸ್ ನಿದ್ದೆಯನ್ನು ದೂರ ತಳ್ಳುತ್ತದೆ.

ಮೊಬೈಲ್ ವಿಷಯ ನಿಮಗೆ ಎಲ್ಲರೂ ಹೇಳಿರುತ್ತಾರೆ, ನಾನು ಬಿಡುತ್ತೇನೆ. ಬಿಸಿಲಿನ ವಿಷಯ ಯಾರೂ ಹೇಳುವುದಿಲ್ಲ. ನಿದ್ದೆ ಹತ್ತಲು ಮೈಯ ಕಾವು ತುಸು ಇಳಿಯಬೇಕು. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಛಾವಣಿ ರಾತ್ರಿ ಆ ಬಿಸಿಯನ್ನು ಒಳಗೆ ಬಿಡುತ್ತದೆ. ಮಲಗುವ ಮುಂಚೆ ತಣ್ಣೀರಿನಲ್ಲಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ. ಕೂಲರ್‌ನ ಒಂದೇ ಸಮನಾದ ಗುಂಯ್ ಶಬ್ದಕ್ಕೆ ಕಿವಿ ಒಗ್ಗಿದ ಮಗು ಕರೆಂಟು ಹೋದಾಗ ಸೆಕೆಗಿಂತ ಮೊದಲು ಆ ನಿಶ್ಶಬ್ದಕ್ಕೇ ಎಚ್ಚರವಾಗುವುದುಂಟು. ಮಾಳಿಗೆಯ ಮೇಲೆ ಮಲಗುವುದಾದರೆ ಬೇಸಿಗೆಯುದ್ದಕ್ಕೂ ಅಲ್ಲಿಯೇ ಮಲಗಿ. ಇಂದು ಮೇಲೆ, ನಾಳೆ ಕೆಳಗೆ ಎಂದರೆ ಆಟಿಸಂ ಇರುವ ಮಗುವಿಗೆ ಪ್ರತಿ ರಾತ್ರಿಯೂ ಹೊಸ ಊರಾಗುತ್ತದೆ. ಕಟ್ಟೆಗೋಡೆ ಎತ್ತರವಿಲ್ಲದಿದ್ದರೆ ಮಾತ್ರ ಮಾಳಿಗೆಯ ಮಾತೇ ಬೇಡ. ರಾತ್ರಿ ಎದ್ದು ಓಡಾಡುವ ಮಗು ಅವನು.

ಭಾರದ ಹೊದಿಕೆಯನ್ನು ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ಆಟಿಸಂ ಇರುವ ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಹೊದಿಕೆ ಇಷ್ಟವಾಯಿತು, ನಿದ್ದೆ ಹೆಚ್ಚಲಿಲ್ಲ. ಮಗನಿಗೆ ಭಾರ ಹಿತವೆನಿಸಿದರೆ ಮನೆಯ ಕೌದಿಯೇ ಸಾಕು, ಅವನೇ ಎತ್ತಿ ಎಸೆಯಲು ಬರುವಷ್ಟು ಹಗುರವಾಗಿರಲಿ.

ಇಷ್ಟೆಲ್ಲ ಮಾಡಿಯೂ ನಿದ್ದೆ ಸುಧಾರಿಸದಿದ್ದರೆ ಗುಳಿಗೆಯ ಸರದಿ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2020ರಲ್ಲಿ ಆಟಿಸಂ ಮಕ್ಕಳಿಗಾಗಿ ಹೇಳಿದ ಕ್ರಮವೂ ಇದೇ: ಮೊದಲು ಇತರ ಕಾಯಿಲೆಗಳನ್ನು ನೋಡಿ, ಅಭ್ಯಾಸ ತಿದ್ದಿ, ಆಮೇಲೆ ಮೆಲಟೋನಿನ್. ಅದು ನಿದ್ದೆ ಹತ್ತಲು ನೆರವಾಗುತ್ತದೆ. ನಡುರಾತ್ರಿ ಎಚ್ಚರವಾಗುವುದಕ್ಕೆ ಅಷ್ಟಾಗಿ ಅಲ್ಲ. ಕಡಿಮೆ ಡೋಸಿನಿಂದ ಆರಂಭಿಸುತ್ತಾರೆ. ನೆಗಡಿಯ ಸಿರಪ್ ಕುಡಿಸಿ ಮಲಗಿಸುವ ರೂಢಿ ಮಾತ್ರ ಕೆಟ್ಟದ್ದು, ಕೆಲವು ಮಕ್ಕಳು ಅದರಿಂದ ಇನ್ನಷ್ಟು ಕೆರಳುತ್ತಾರೆ.

ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗುವಾಗ ಎರಡು ವಾರದ ಲೆಕ್ಕ ಬರೆದ ಒಂದು ನೋಟ್‌ಬುಕ್ ಒಯ್ಯಿರಿ: ಮಲಗಿಸಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ. ಗೊರಕೆ ಅಥವಾ ಕಾಲು ಝಾಡಿಸುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ನಡುರಾತ್ರಿ ನಿಮಗೇ ತಾಳ್ಮೆ ಕೆಟ್ಟಾಗ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ.