ಅನುಭವವಿಲ್ಲದೆ ಮೆಡಿಕಲ್ ಬಿಲ್ಲಿಂಗ್ ಕೆಲಸ: ಇಒಬಿ ಲೆಕ್ಕ, ಡಿನೈಯಲ್ ಮತ್ತು ಸ್ವಲ್ಪ ಇಂಟರ್‌ವ್ಯೂ

ಈ ಟಿಪ್ಪಣಿ ಬಿ.ಕಾಂ, ಬಿ.ಎ, ಬಿ.ಎಸ್ಸಿ ಮುಗಿಸಿ ಬೆಂಗಳೂರಿನಲ್ಲಿ ಮೆಡಿಕಲ್ ಬಿಲ್ಲಿಂಗ್ ಕೆಲಸ ಹುಡುಕುತ್ತಿರುವ ಫ್ರೆಶರ್‌ಗಳಿಗೆ. ನಾನೂ ಅದೇ ಸಾಲಿನಲ್ಲಿದ್ದೇನೆ. ಓದಿದ್ದು ತಲೆಯಲ್ಲಿ ಕೂರಲಿ ಅಂತಲೇ ಅರ್ಧ ಬರೆಯುತ್ತಿದ್ದೇನೆ.

ನಮ್ಮೂರಿನಲ್ಲಿ ಈ ಹೆಸರಿನ ಕೆಲಸ ಹೆಚ್ಚಾಗಿ ಅಮೆರಿಕದ ಡಾಕ್ಟರುಗಳದ್ದು. ಅವರು ನೋಡಿದ ಪೇಷೆಂಟ್‌ಗಳ ಬಿಲ್ಲನ್ನು ಅಲ್ಲಿನ ಇನ್ಶೂರೆನ್ಸ್ ಕಂಪನಿಗಳಿಂದ ವಸೂಲಿ ಮಾಡಿಕೊಡಬೇಕು, ಅಷ್ಟೇ. ಜಾಬ್ ಪೋರ್ಟಲ್‌ನಲ್ಲಿ ‘ಮೆಡಿಕಲ್ ಬಿಲ್ಲರ್’ ಅಂತ ಹುಡುಕಿದರೆ ಅನುಭವ ಕೇಳುವ ಜಾಹೀರಾತೇ ಜಾಸ್ತಿ. ‘ಎಆರ್ ಕಾಲರ್ ಫ್ರೆಶರ್’ (ಬಾಕಿ ದುಡ್ಡಿಗಾಗಿ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡುವವರು), ‘ಪೇಮೆಂಟ್ ಪೋಸ್ಟಿಂಗ್ ಟ್ರೈನಿ’ (ಬಂದ ದುಡ್ಡನ್ನು ಲೆಕ್ಕಕ್ಕೆ ಏರಿಸುವವರು), ‘ಚಾರ್ಜ್ ಎಂಟ್ರಿ’ (ಬಿಲ್ ವಿವರ ತುಂಬುವುದು), ‘ಎಲಿಜಿಬಿಲಿಟಿ ವೆರಿಫಿಕೇಷನ್’ (ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡುವುದು) ಅಂತ ಹುಡುಕಿ. ಹೊಸಬರನ್ನು ತೆಗೆದುಕೊಳ್ಳುವುದು ಈ ಬಾಗಿಲುಗಳಲ್ಲೇ. ಅದರಲ್ಲೂ ಎಆರ್ ಕಾಲಿಂಗ್‌ಗೆ, ಯಾಕೆಂದರೆ ರಾತ್ರಿ ಪಾಳಿ, ಫೋನ್ ಕೆಲಸ ಅಂದರೆ ಎಲ್ಲರೂ ಬರುವುದಿಲ್ಲ.

ಇಡೀ ಸರಪಳಿ ಚಿಕ್ಕದಾಗಿ

ಪೇಷೆಂಟ್ ಬರುವ ಮುಂಚೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ನೋಡುತ್ತಾರೆ. ಡಾಕ್ಟರ್ ನೋಡಿ ನೋಟ್ಸ್ ಬರೆಯುತ್ತಾರೆ. ಕೋಡರ್ ಕಾಯಿಲೆಗೆ ಐಸಿಡಿ-10 ಕೋಡ್, ಮಾಡಿದ ಚಿಕಿತ್ಸೆಗೆ ಸಿಪಿಟಿ ಕೋಡ್ ಕೊಡುತ್ತಾರೆ. ಬಿಪಿಗೆ ಐ10, ಹಳೆ ಪೇಷೆಂಟ್‌ನ ಸಾಮಾನ್ಯ ಕ್ಲಿನಿಕ್ ಭೇಟಿಗೆ 99213, ಹೀಗೆ. ಡಾಕ್ಟರ್ ಬಿಲ್ ಆದರೆ ಸಿಎಂಎಸ್-1500 ಫಾರಂ, ಆಸ್ಪತ್ರೆ ಬಿಲ್ ಆದರೆ ಯುಬಿ-04. ಹೀಗೆ ತುಂಬಿದ ಬಿಲ್ಲೇ ಕ್ಲೇಮ್. ಅದು ಕ್ಲಿಯರಿಂಗ್‌ಹೌಸ್ (ಬಿಲ್ ಪರೀಕ್ಷಿಸಿ ಮುಂದೆ ಕಳಿಸುವ ಮಧ್ಯವರ್ತಿ ಸಂಸ್ಥೆ) ಮೂಲಕ ಪೇಯರ್‌ಗೆ, ಅಂದರೆ ಇನ್ಶೂರೆನ್ಸ್ ಕಂಪನಿಗೆ ಹೋಗುತ್ತದೆ. ಅವರು ದುಡ್ಡು ಕೊಡುತ್ತಾರೆ ಅಥವಾ ಕೊಡಲ್ಲ ಅನ್ನುತ್ತಾರೆ. ಕೊಡದಿದ್ದರೆ ಎಆರ್ ಕಾಲರ್ ಫೋನ್ ಎತ್ತುತ್ತಾರೆ. ಇಷ್ಟನ್ನು ಯಾವ ಯೂಟ್ಯೂಬ್ ವಿಡಿಯೋದಲ್ಲಾದರೂ ಹೇಳುತ್ತಾರೆ, ಮುಂದೆ ಹೋಗೋಣ.

ಇಒಬಿ ಲೆಕ್ಕ: ಇಲ್ಲೇ ಕೂತು ಓದಬೇಕು

ಇಒಬಿ ಅಂದರೆ ಕ್ಲೇಮ್ ನೋಡಿದ ಮೇಲೆ ಪೇಯರ್ ಕಳಿಸುವ ಲೆಕ್ಕದ ಚೀಟಿ. ಕಂಪ್ಯೂಟರ್ ಫೈಲ್ ಆಗಿ ಬಂದರೆ ಅದನ್ನೇ ಇಆರ್‌ಎ ಅಥವಾ 835 ಅನ್ನುತ್ತಾರೆ. ಅಲೌಡ್ ಅಮೌಂಟ್ (ಪೇಯರ್ ಒಪ್ಪುವ ದರ), ಡಿಡಕ್ಟಿಬಲ್ (ಪೇಯರ್ ಕೊಡಲು ಶುರು ಮಾಡುವ ಮುಂಚೆ ವರ್ಷಕ್ಕೆ ಪೇಷೆಂಟೇ ಕಟ್ಟಬೇಕಾದ ಮೊತ್ತ), ಕೋ-ಇನ್ಶೂರೆನ್ಸ್ (ಅದಾದ ಮೇಲೆ ಉಳಿದದ್ದರಲ್ಲಿ ಪೇಷೆಂಟ್ ಪಾಲು) ಅಂತ ಬಿಡಿಬಿಡಿಯಾಗಿ ಕಲಿತರೆ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಒಂದು ಕ್ಲೇಮ್ ಕೊಟ್ಟು ‘ಪೇಷೆಂಟ್ ಎಷ್ಟು ಕೊಡಬೇಕು?’ ಅಂದಾಗ ತಲೆ ಕೆಡುತ್ತದೆ. ಯಾವುದನ್ನು ಯಾವುದರಿಂದ ಕಳೆಯಬೇಕು ಅನ್ನುವ ಕ್ರಮ ಗೊತ್ತಿಲ್ಲದಿರುವುದೇ ಕಾರಣ.

ಒಂದು ಉದಾಹರಣೆ ಹಿಡಿಯೋಣ. ಡಾಕ್ಟರ್ ಹಾಕಿದ ಬಿಲ್ 200 ಡಾಲರ್. ಪೇಯರ್ ಜೊತೆಗಿನ ಒಪ್ಪಂದದ ಪ್ರಕಾರ ಈ ಚಿಕಿತ್ಸೆಗೆ ಅಲೌಡ್ ಅಮೌಂಟ್ 120. ಪೇಷೆಂಟ್‌ಗೆ ಈ ವರ್ಷದ ಡಿಡಕ್ಟಿಬಲ್‌ನಲ್ಲಿ ಇನ್ನೂ 50 ಬಾಕಿ ಇದೆ. ಕೋ-ಇನ್ಶೂರೆನ್ಸ್ 20 ಪರ್ಸೆಂಟ್.

ಮೊದಲು 200ರಿಂದ 120 ಕಳೆಯಿರಿ. ಉಳಿದ 80 ಯಾರಿಂದಲೂ ಬರುವುದಿಲ್ಲ. ಡಾಕ್ಟರ್ ನೆಟ್‌ವರ್ಕ್ ಒಳಗಿದ್ದರೆ, ಅಂದರೆ ಪೇಯರ್ ಜೊತೆ ಒಪ್ಪಂದ ಇದ್ದರೆ, ಅದನ್ನು ರೈಟ್ ಆಫ್ ಮಾಡಬೇಕು, ಅಂದರೆ ವಸೂಲಿ ಮಾಡದೆ ಬಿಟ್ಟುಬಿಡಬೇಕು. ಇಒಬಿಯಲ್ಲಿ ಇದು ಸಿಒ-45 ಅಂತ ಕಾಣಿಸುತ್ತದೆ. ಈಗ 200 ಅನ್ನುವ ಸಂಖ್ಯೆಯನ್ನು ಮರೆತುಬಿಡಿ. ಇನ್ನು ಮುಂದಿನ ಲೆಕ್ಕವೆಲ್ಲ 120ರ ಮೇಲೆ.

ಎರಡನೆಯದು ಡಿಡಕ್ಟಿಬಲ್. 120ರಲ್ಲಿ 50 ಪೇಷೆಂಟ್ ತಲೆಗೆ. ಇದು ಪಿಆರ್-1. ಉಳಿದದ್ದು 70.

ಮೂರನೆಯದು ಕೋ-ಇನ್ಶೂರೆನ್ಸ್. ಈ 20 ಪರ್ಸೆಂಟ್ ಹಾಕಬೇಕಾದದ್ದು ಉಳಿದ 70ರ ಮೇಲೆ. 200ರ ಮೇಲೂ ಹಾಕಬಾರದು, 120ರ ಮೇಲೂ ಹಾಕಬಾರದು. ಅಂದರೆ 14 ಡಾಲರ್, ಇದು ಪಿಆರ್-2. ಪೇಯರ್ ಕೊಡುವುದು 56.

ಈಗ ತಾಳೆ ನೋಡಿ. 80, 50, 14, 56 ಕೂಡಿಸಿದರೆ 200. ಪೇಷೆಂಟ್ ಕೊಡಬೇಕಾದದ್ದು 64. ಕೂಡಿಸಿದಾಗ ಬಿಲ್ ಮೊತ್ತ ಬರದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ. ಪೇಮೆಂಟ್ ಪೋಸ್ಟಿಂಗ್ ಕೆಲಸದ ಮುಕ್ಕಾಲು ಪಾಲು ಈ ತಾಳೆ ನೋಡುವುದೇ. ಬಿ.ಕಾಂ ಮಾಡಿದವರಿಗೆ ಇದು ಲೆಡ್ಜರ್ ತರಹವೇ ಕಾಣಬೇಕು.

ಇಷ್ಟು ಬಂದ ಮೇಲೆ ಮೆಡಿಕೇರ್ ಲೆಕ್ಕ ಹಿಡಿಯಿರಿ. ಮೆಡಿಕೇರ್ ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ಕೊಡುವ ಇನ್ಶೂರೆನ್ಸ್. ಡಾಕ್ಟರ್ ಬಿಲ್ ಅದರ ಪಾರ್ಟ್ ಬಿ ಕೆಳಗೆ ಬರುತ್ತದೆ. 2025ರಲ್ಲಿ ಪಾರ್ಟ್ ಬಿ ಡಿಡಕ್ಟಿಬಲ್ 257 ಡಾಲರ್ ಇತ್ತು. ಅದು ಮುಗಿದ ಮೇಲೆ ಮೆಡಿಕೇರ್ 80 ಪರ್ಸೆಂಟ್, ಪೇಷೆಂಟ್ 20. ನಮ್ಮ 120ರಲ್ಲಿ ಡಿಡಕ್ಟಿಬಲ್ ಮುಗಿದಿದೆ ಅಂತಿಟ್ಟುಕೊಂಡರೆ ಮೆಡಿಕೇರ್ 96, ಪೇಷೆಂಟ್ 24. ಸುಲಭ ಅಲ್ವಾ? ಆದರೆ ಇಒಬಿಯಲ್ಲಿ ಪೇಯ್ಡ್ ಅಮೌಂಟ್ 94.08 ಅಂತ ಇರುತ್ತದೆ! ಆ 1.92 ಎಲ್ಲಿ ಹೋಯಿತು? ಮೆಡಿಕೇರ್ ತಾನು ಕೊಡುವ ದುಡ್ಡಿನಲ್ಲಿ 2 ಪರ್ಸೆಂಟ್ ಮುರಿದುಕೊಳ್ಳುತ್ತದೆ. ಸರ್ಕಾರದ ಖರ್ಚು ಕಡಿತದ ಕಾನೂನು, ಹೆಸರು ಸೀಕ್ವೆಸ್ಟ್ರೇಷನ್. ಕೋಡ್ ಸಿಒ-253. ಇದನ್ನು ಪೇಷೆಂಟ್ ಹತ್ತಿರ ಕೇಳುವ ಹಾಗಿಲ್ಲ. ಫ್ರೆಶರ್ ಬಾಯಲ್ಲಿ ಈ ಕೋಡ್ ಬಂದರೆ ಎದುರಿಗೆ ಕೂತವರು ಖಂಡಿತ ತಲೆ ಎತ್ತಿ ನೋಡುತ್ತಾರೆ.

ಸಿಒ, ಪಿಆರ್ ಅನ್ನುವ ಎರಡಕ್ಷರದ ಮೇಲೆ ಕಣ್ಣಿಡಿ. ಸಿಒ ಇದ್ದರೆ ಆ ದುಡ್ಡಿಗಾಗಿ ಪೇಷೆಂಟ್‌ಗೆ ಬಿಲ್ ಕಳಿಸಬಾರದು. ಪಿಆರ್ ಇದ್ದರೆ ಪೇಷೆಂಟ್ ಜವಾಬ್ದಾರಿ. ಆದರೆ ಪಿಆರ್ ನೋಡಿದ ತಕ್ಷಣ ಪೇಷೆಂಟ್‌ಗೆ ಬಿಲ್ ಅಂತ ಹೇಳಬೇಡಿ. ಸೆಕೆಂಡರಿ ಇನ್ಶೂರೆನ್ಸ್ ಇದೆಯಾ ಅಂತ ಮೊದಲು ನೋಡಬೇಕು. ಇದ್ದರೆ ಆ 64 ಅಥವಾ 24 ಮೊದಲು ಅಲ್ಲಿಗೆ ಹೋಗುತ್ತದೆ, ಪ್ರೈಮರಿ ಇಒಬಿ ಜೊತೆಗೆ.

ಇನ್ನೊಂದು ವಿಷಯ. ಹಲವು ಪ್ಲಾನ್‌ಗಳಲ್ಲಿ ಡಿಡಕ್ಟಿಬಲ್ ಜನವರಿಗೆ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ವರ್ಷದ ಆರಂಭದಲ್ಲಿ ಪಿಆರ್-1 ಜಾಸ್ತಿ. ಮತ್ತೆ ಡಿಡಕ್ಟಿಬಲ್ ಕಳೆಯುವುದು ಕ್ಲೇಮ್ ಪ್ರೊಸೆಸ್ ಆದ ಕ್ರಮದಲ್ಲಿ, ಪೇಷೆಂಟ್ ಡಾಕ್ಟರ್ ಹತ್ತಿರ ಹೋದ ತಾರೀಖಿನ ಕ್ರಮದಲ್ಲಿ ಇರಬೇಕೆಂದಿಲ್ಲ. ಫೆಬ್ರವರಿ ಭೇಟಿಯ ಕ್ಲೇಮ್ ಮೊದಲು ಪ್ರೊಸೆಸ್ ಆದರೆ ಡಿಡಕ್ಟಿಬಲ್ ಅದರಲ್ಲೇ ಹೋಗಿ, ಜನವರಿಯದ್ದಕ್ಕೆ ಹಣ ಸಲೀಸಾಗಿ ಬರಬಹುದು.

ರಿಜೆಕ್ಷನ್ ಬೇರೆ, ಡಿನೈಯಲ್ ಬೇರೆ

ಇಂಟರ್‌ವ್ಯೂನಲ್ಲಿ ಇದನ್ನು ಕೇಳದೆ ಬಿಡುವವರು ಕಡಿಮೆ. ನಾಡಕಚೇರಿಗೆ ಅರ್ಜಿ ಕೊಡಲು ಹೋಗಿದ್ದೀರಿ ಅಂದುಕೊಳ್ಳಿ. ಆಧಾರ್ ಜೆರಾಕ್ಸ್ ಇಲ್ಲ ಅಂತ ಕೌಂಟರ್‌ನಲ್ಲೇ ವಾಪಸ್ ಕಳಿಸಿದರೆ ನಿಮ್ಮ ಅರ್ಜಿಗೆ ನಂಬರೇ ಬಿದ್ದಿಲ್ಲ. ಅದು ರಿಜೆಕ್ಷನ್. ಅರ್ಜಿ ಒಳಗೆ ಹೋಗಿ, ನಂಬರ್ ಬಿದ್ದು, ಅಧಿಕಾರಿ ನೋಡಿ ‘ಆಗಲ್ಲ’ ಅಂತ ಬರೆದು ಕಳಿಸಿದರೆ ಡಿನೈಯಲ್.

ರಿಜೆಕ್ಷನ್ ಆದರೆ ತಿದ್ದಿ ಹೊಸದಾಗಿ ಕಳಿಸಿದರೆ ಸಾಕು. ಮೆಂಬರ್ ಐಡಿಯಲ್ಲಿ ಒಂದಂಕಿ ತಪ್ಪು, ಎನ್‌ಪಿಐ (ಡಾಕ್ಟರ್ ಗುರುತಿನ ನಂಬರ್) 10 ಅಂಕಿಯಲ್ಲಿ ಒಂದು ಬಿಟ್ಟುಹೋಗಿದೆ, ಇಂಥವು. ಡಿನೈಯಲ್ ಆದ ಕ್ಲೇಮನ್ನು ತಿದ್ದಿ ಹೊಸದರ ಹಾಗೇ ಕಳಿಸಿದರೆ ಸಿಒ-18, ಅಂದರೆ ಡ್ಯೂಪ್ಲಿಕೇಟ್ ಅಂತ ಮತ್ತೆ ಹಿಂದೆ ಬರುತ್ತದೆ. ಸಾಮಾನ್ಯವಾಗಿ ಅಲ್ಲಿ ಕರೆಕ್ಟೆಡ್ ಕ್ಲೇಮ್ ಕಳಿಸಬೇಕು. ಸಿಎಂಎಸ್-1500ರ 22ನೇ ಬಾಕ್ಸ್‌ನಲ್ಲಿ 7 ಅಂತ ಹಾಕಿ, ಪಕ್ಕದಲ್ಲಿ ಹಳೆ ಕ್ಲೇಮ್ ನಂಬರ್ ಬರೆಯಬೇಕು. ಹಳೆಯದನ್ನು ಪೂರ್ತಿ ರದ್ದು ಮಾಡಬೇಕಾದರೆ 8. ನಮ್ಮದೇನೂ ತಪ್ಪಿಲ್ಲ, ಪೇಯರ್ ತೀರ್ಮಾನವೇ ಸರಿಯಿಲ್ಲ ಅನ್ನಿಸಿದರೆ ಅಪೀಲ್.

ಡಿನೈಯಲ್ ಕೋಡ್‌ಗಳ ಪಟ್ಟಿ ಉದ್ದ ಇದೆ, ಎಲ್ಲ ಉರು ಹೊಡೆಯಬೇಡಿ. ಸಿಒ-16 ಮಾಹಿತಿ ಸಾಲದು, ಸಿಒ-22 ಬೇರೆ ಇನ್ಶೂರೆನ್ಸ್ ಪ್ರೈಮರಿ ಇರಬಹುದು, ಸಿಒ-27 ಪಾಲಿಸಿ ಮುಗಿದಿತ್ತು, ಸಿಒ-29 ಗಡುವು ದಾಟಿದೆ, ಸಿಒ-50 ವೈದ್ಯಕೀಯವಾಗಿ ಅಗತ್ಯವಿರಲಿಲ್ಲ, ಸಿಒ-97 ಇನ್ನೊಂದು ಚಿಕಿತ್ಸೆಯೊಳಗೇ ಸೇರಿದೆ, ಸಿಒ-197 ಮೊದಲೇ ಅನುಮತಿ ತೆಗೆದುಕೊಂಡಿಲ್ಲ. ಮೊದಲ ಇಂಟರ್‌ವ್ಯೂಗೆ ಇಷ್ಟು ಸಾಕು. ಆದರೆ ಪ್ರತಿಯೊಂದಕ್ಕೂ ‘ಮುಂದೆ ಏನು ಮಾಡುತ್ತೀರಿ?’ ಅನ್ನುವುದಕ್ಕೆ ಉತ್ತರ ಇರಬೇಕು. ಸಿಒ-29 ತೆಗೆದುಕೊಳ್ಳಿ. ಮೆಡಿಕೇರ್‌ಗೆ ಚಿಕಿತ್ಸೆಯ ದಿನದಿಂದ ಒಂದು ವರ್ಷ ಸಮಯ. ಉಳಿದ ಪೇಯರ್‌ಗಳ ಗಡುವು ಇನ್ನೂ ಚಿಕ್ಕದಿರಬಹುದು. ‘ರೈಟ್ ಆಫ್ ಮಾಡುತ್ತೇನೆ’ ಅಂದರೆ ಅಲ್ಲಿಗೇ ಮುಗಿಯಿತು. ನಾವು ಮೊದಲು ಕಳಿಸಿದ್ದು ಯಾವಾಗ, ಪೇಯರ್ ಅದನ್ನು ಒಪ್ಪಿಕೊಂಡ ಕ್ಲಿಯರಿಂಗ್‌ಹೌಸ್ ರಿಪೋರ್ಟ್ ಇದೆಯಾ ಅಂತ ನೋಡಿ, ಇದ್ದರೆ ಅದನ್ನು ಲಗತ್ತಿಸಿ ಅಪೀಲ್ ಮಾಡುತ್ತೇನೆ ಅನ್ನಬೇಕು.

ಮಾಕ್ ಕಾಲ್

ಎಆರ್ ಇಂಟರ್‌ವ್ಯೂಗಳಲ್ಲಿ ಒಂದು ಸುಳ್ಳು ಫೋನ್ ಕರೆ ಮಾಡಿಸುವುದುಂಟು. ಪೇಯರ್ ಕಡೆಯವರು ಕೇಳುವುದು ಎನ್‌ಪಿಐ, ಟ್ಯಾಕ್ಸ್ ಐಡಿ, ಪೇಷೆಂಟ್ ಹೆಸರು, ಮೆಂಬರ್ ಐಡಿ, ಹುಟ್ಟಿದ ದಿನ, ಚಿಕಿತ್ಸೆಯ ದಿನ, ಬಿಲ್ ಮೊತ್ತ. ನಾವು ಕೇಳಬೇಕಾದದ್ದು ಕ್ಲೇಮ್ ಯಾವಾಗ ಬಂತು, ಯಾವಾಗ ಪ್ರೊಸೆಸ್ ಆಯಿತು, ಡಿನೈ ಆಗಿದ್ದರೆ ಕಾರಣ, ಅಪೀಲ್‌ಗೆ ಎಷ್ಟು ದಿನ, ಯಾವ ವಿಳಾಸ. ಕೊನೆಗೆ ಕ್ಲೇಮ್ ನಂಬರ್ ಮತ್ತು ಕಾಲ್ ರೆಫರೆನ್ಸ್ ನಂಬರ್ ಕೇಳದೆ ಫೋನ್ ಇಡಬೇಡಿ.

ಕನ್ನಡ ಮೀಡಿಯಂನಲ್ಲಿ ಓದಿದವರು ಆಕ್ಸೆಂಟ್ ಬಗ್ಗೆ ಸುಮ್ನೆ ಹೆದರುತ್ತಾರೆ. ಅಮೆರಿಕದವರ ತರಹ ಮೂಗಿನಲ್ಲಿ ಮಾತಾಡಬೇಕಾಗಿಲ್ಲ. ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರೆ ಸಾಕು. ತೊಂದರೆ ಕೊಡುವುದು ತಾರೀಖು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/07 ಅಂದರೆ ಏಪ್ರಿಲ್ 7, ನಮಗೆ ಅದು ಜುಲೈ 4. ಹುಟ್ಟಿದ ದಿನ ತಿರುವುಮುರುವಾದರೆ ಅವರು ಪೇಷೆಂಟ್ ವಿವರವನ್ನೇ ಕೊಡುವುದಿಲ್ಲ, ಪೇಷೆಂಟ್ ಮಾಹಿತಿಯನ್ನು ಗುಟ್ಟಾಗಿಡುವ 1996ರ ಹಿಪಾ ಕಾನೂನು ಹಾಗಿದೆ. ತಿಂಗಳಿನ ಹೆಸರು ಹೇಳಿಯೇ ತಾರೀಖು ಹೇಳುವ ಅಭ್ಯಾಸ ಮಾಡಿಕೊಳ್ಳಿ. ಬಿ, ಡಿ, ಪಿ, ಟಿ ಅಕ್ಷರಗಳಿಗೆ ಬ್ರಾವೋ, ಡೆಲ್ಟಾ, ಪಾಪಾ, ಟ್ಯಾಂಗೋ.

ರೆಸ್ಯೂಮ್‌ನಲ್ಲಿ ಏನು ಬರೆಯುವುದು

ಸಿಎಂಎಸ್-1500ರ ನಮೂನೆ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು, ಕಾಲ್ಪನಿಕ ಪೇಷೆಂಟ್ ಹೆಸರಿನಲ್ಲಿ 33 ಬಾಕ್ಸ್ ತುಂಬಿ ನೋಡಿ. 21ರಲ್ಲಿ ಬರೆದ ಕಾಯಿಲೆಗೂ 24ರ ಚಿಕಿತ್ಸೆಗೂ ಕೊಂಡಿ ಹಾಕುವ 24ಇ ಕಾಲಂ ಅರ್ಥವಾದರೆ ಉಳಿದದ್ದು ಸಲೀಸು. ‘ಮಾದರಿ ಕ್ಲೇಮ್ ತುಂಬಿದ್ದೇನೆ, ಇಒಬಿ ತಾಳೆ ನೋಡಿ ಅಭ್ಯಾಸ ಮಾಡಿದ್ದೇನೆ’ ಅಂತ ಧೈರ್ಯವಾಗಿ ಬರೆಯಿರಿ. ಇಲ್ಲದ ಅನುಭವ ಮಾತ್ರ ಬರೆಯಬೇಡಿ, ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿಬೀಳುತ್ತದೆ.

ಸಿಪಿಸಿ ಸರ್ಟಿಫಿಕೇಟ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಅದು ಕೋಡಿಂಗ್ ಪರೀಕ್ಷೆ. 100 ಪ್ರಶ್ನೆ, 4 ಗಂಟೆ, 70 ಪರ್ಸೆಂಟ್ ಬಂದರೆ ಪಾಸ್. ಅನುಭವವಿಲ್ಲದೆ ಪಾಸಾದರೆ ಸಿಪಿಸಿ ಅನ್ನುವುದರ ಕೊನೆಗೆ ಅಪ್ರೆಂಟಿಸ್ ಅನ್ನುವ ‘ಎ’ ಅಂಟಿಕೊಂಡಿರುತ್ತದೆ. ಲೈಫ್ ಸೈನ್ಸ್, ಫಾರ್ಮಸಿ, ನರ್ಸಿಂಗ್ ಓದಿದವರು ಯೋಚಿಸಲಿ. ಬಿಲ್ಲಿಂಗ್‌ಗೆ ಹೋಗುವ ಬಿ.ಕಾಂನವರು ಮೊದಲ ಕೆಲಸಕ್ಕೂ ಮುಂಚೆ ಅದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಗಲಿನ ಬಾಗಿಲು ಒಂದಿದೆ

ರಾತ್ರಿ ಪಾಳಿ ಆಗದವರು ನಮ್ಮೂರ ಆಸ್ಪತ್ರೆಗಳ ಇನ್ಶೂರೆನ್ಸ್ ಡೆಸ್ಕ್ ನೋಡಬಹುದು. ಇಲ್ಲಿ ಕನ್ನಡವೇ ಬಂಡವಾಳ. ಕ್ಯಾಶ್‌ಲೆಸ್ ಅರ್ಜಿ ತುಂಬುವುದು, ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಕೇಳಿದ ಪ್ರಶ್ನೆಗೆ ಉತ್ತರ ಕಳಿಸುವುದು, ಡಿಸ್ಚಾರ್ಜ್ ಹೊತ್ತಿಗೆ ಅಪ್ರೂವಲ್ ತರಿಸುವುದು ಕೆಲಸ. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಐಆರ್‌ಡಿಎಐಯ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯೊಳಗೆ, ಡಿಸ್ಚಾರ್ಜ್‌ಗೆ 3 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷದವರೆಗೆ ಸರ್ಕಾರ ಕೊಡುತ್ತದೆ. ಇದು ಗೊತ್ತಿದ್ದು ಹೋದರೆ ಒಳ್ಳೆಯದು.

ಸಹಿ ಹಾಕುವ ಮುಂಚೆ

ಕೆಲಸ ಕೊಡಿಸುತ್ತೇವೆ ಅಂತ ರಿಜಿಸ್ಟ್ರೇಷನ್ ಫೀ, ಡೆಪಾಸಿಟ್ ಕೇಳುವವರಿಗೆ ಒಂದು ರೂಪಾಯಿ ಕೊಡಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಬಿಟ್ಟು ಬರಬೇಡಿ. ಸಂಬಳದಲ್ಲಿ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಷ್ಟು, ಕೈಗೆ ಬರುವುದು ಎಷ್ಟು ಅಂತ ಎರಡನ್ನೂ ಕೇಳಿ. ಕಂಪನಿ ಕಟ್ಟುವ ಪಿಎಫ್ ಕೂಡ ಸಿಟಿಸಿಯೊಳಗೇ ಕೂತಿರುತ್ತದೆ.

ಪಾಳಿಯ ಸಮಯ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ನ್ಯೂಯಾರ್ಕ್‌ನ ಬೆಳಗ್ಗೆ 8ರಿಂದ ಸಂಜೆ 5 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 5.30ರಿಂದ ರಾತ್ರಿ 2.30. ನವೆಂಬರ್ ಮೊದಲ ಭಾನುವಾರದಿಂದ 6.30ರಿಂದ 3.30. ಪಾಳಿ ಬಿಡುವ ಹೊತ್ತಿಗೆ ಮೆಟ್ರೋ ಇಲ್ಲ. ಹಾಗಾಗಿ ಕ್ಯಾಬ್ ಎಷ್ಟು ಕಿಲೋಮೀಟರ್ ಒಳಗೆ ಬರುತ್ತದೆ ಅಂತ ಆಫರ್ ಲೆಟರ್ ಕೈಗೆ ಬರುವ ಮುಂಚೆಯೇ ಕೇಳಿ. ಮನೆ ನೆಲಮಂಗಲ, ಆಫೀಸು ಎಲೆಕ್ಟ್ರಾನಿಕ್ ಸಿಟಿ ಅಂದರೆ ಕ್ಯಾಬ್ ಬರುವುದು ಅನುಮಾನ. ಆಗ ಪಿಜಿ ಬಾಡಿಗೆಯನ್ನು ಕೈಗೆ ಬರುವ ಸಂಬಳದಿಂದ ಕಳೆದು ನೋಡಿ, ಆಮೇಲೆ ಹೂಂ ಅನ್ನಿ.