ಮನೆಯಿಂದಲೇ ಮೇಲಿಂಗ್ ಲಿಸ್ಟ್ ಸರ್ವರ್: ಓದಿದ್ದು, ಮಾಡಿ ನೋಡಿದ್ದು

ಮೇಲಿಂಗ್ ಲಿಸ್ಟ್ ಅಂದರೆ ಒಬ್ಬರು ಬರೆದ ಪತ್ರವನ್ನು ಬಳಗದ ಎಲ್ಲರಿಗೂ ಮೇಲ್‌ನಲ್ಲಿ ಹಂಚುವ ಏರ್ಪಾಡು. ಅದಕ್ಕಾಗಿ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ತಂತ್ರಾಂಶ), ಮೇಲ್‌ಮ್ಯಾನ್ (ಲಿಸ್ಟ್ ನಡೆಸುವ ತಂತ್ರಾಂಶ) ಹಾಕಿಕೊಳ್ಳುವುದು ಕಷ್ಟವಲ್ಲ. ಮನೆಯ ಐಪಿ ವಿಳಾಸದಿಂದ ಹೊರಟ ಮೇಲನ್ನು ಬೇರೆ ಸರ್ವರ್‌ಗಳು ನಂಬುವುದಿಲ್ಲ ಅನ್ನುವುದೇ ದೊಡ್ಡ ತೊಡಕು.

ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟುವುದು ಪೋರ್ಟ್ 25 ಎಂಬ ಸಂಪರ್ಕ ದ್ವಾರದ ಮೂಲಕ. ವೈರಸ್ ಹೊಕ್ಕ ಕಂಪ್ಯೂಟರ್‌ಗಳು ಸ್ಪ್ಯಾಮ್ ಸುರಿಯದಿರಲಿ ಎಂದು ಅನೇಕ ಇಂಟರ್‌ನೆಟ್ ಕಂಪನಿಗಳು ಮನೆ ಸಂಪರ್ಕಗಳಲ್ಲಿ ಇದನ್ನು ಮುಚ್ಚಿಬಿಡುತ್ತವೆ. ನನ್ನ ಲಾಗ್‌ನಲ್ಲಿ ಸಾಲುಸಾಲಾಗಿ ‘ಕನೆಕ್ಷನ್ ಟೈಮ್ಡ್ ಔಟ್’ ಬಂದಾಗ ಎರಡು ರಾತ್ರಿ ಕಾನ್ಫಿಗ್ ಫೈಲ್ ತಡಕಾಡಿದೆ. ತಪ್ಪು ಅಲ್ಲಿರಲೇ ಇಲ್ಲ. ಪೋರ್ಟ್ ತೆರೆದಿದ್ದರೂ ರಿವರ್ಸ್ ಡಿಎನ್‌ಎಸ್, ಅಂದರೆ ಐಪಿ ವಿಳಾಸದ ಹೆಸರು ಯಾವುದೆಂದು ಮೇಲ್ ಪಡೆಯುವ ಸರ್ವರ್‌ಗಳು ನೋಡುವ ದಾಖಲೆ, ಕಂಪನಿಯ ಕೈಯಲ್ಲಿರುತ್ತದೆ. ಜೊತೆಗೆ, ನೇರವಾಗಿ ಮೇಲ್ ಕಳಿಸಬಾರದ ಮನೆ ವಿಳಾಸಗಳದ್ದೇ ಒಂದು ಪಟ್ಟಿಯನ್ನು ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆ ಇಟ್ಟಿದೆ. ಅದರ ಹೆಸರು ಪಿಬಿಎಲ್. ಏನೂ ತಪ್ಪು ಮಾಡದಿದ್ದರೂ ನಿಮ್ಮ ವಿಳಾಸ ಅದರಲ್ಲಿರಬಹುದು.

ಹಾಗಾಗಿ ಸದಸ್ಯರ ಪಟ್ಟಿ, ಹಳೆಯ ಪತ್ರಗಳು, ಮಾಡರೇಶನ್ ಎಲ್ಲ ಮನೆಯಲ್ಲಿರಲಿ. ಹೊರಗೆ ಹೋಗುವ ಮೇಲ್ ಮಾತ್ರ ಪೋರ್ಟ್ 587ರಲ್ಲಿ ಲಾಗಿನ್ ಆಗಿ ಒಂದು ರಿಲೇ ಸರ್ವರ್ (ನಮ್ಮ ಪರವಾಗಿ ಮೇಲ್ ಮುಂದೆ ಸಾಗಿಸುವ ಸರ್ವರ್) ಮೂಲಕ ಹೋಗಲಿ. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ‘ರಿಲೇಹೋಸ್ಟ್’ ಎಂಬ ಸಾಲಿದೆ. ಒಳಬರುವ ಮೇಲ್ ಬಗ್ಗೆ ಅಷ್ಟು ಹೆದರಬೇಕಿಲ್ಲ. ಕರೆಂಟ್ ಹೋದರೆ ಕಳಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. ಆಗ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ಲ್ಯಾಪ್‌ಟಾಪ್‌ಗೆ ತಿರುಗಿಸುವುದು) ಮಾಡಿ ಉಪಯೋಗವಿಲ್ಲ.

ಇನ್ನು ಡಿಮಾರ್ಕ್. ಮೇಲ್ ನಿಜವಾಗಿಯೂ ‘ಫ್ರಮ್’ನಲ್ಲಿರುವ ಡೊಮೇನ್‌ನದೇ ಎಂದು ಪಡೆಯುವ ಸರ್ವರ್ ನೋಡುವ ಪರೀಕ್ಷೆ ಇದು. ಸೋತ ಮೇಲನ್ನು ಏನು ಮಾಡಬೇಕೆಂದು ಆ ಡೊಮೇನೇ ನೀತಿ ಹೇಳಿರುತ್ತದೆ. ಲಿಸ್ಟ್ ನಡೆಸುವವರು ನಿಧಾನವಾಗಿ ಕೂತು ಅರ್ಥ ಮಾಡಿಕೊಳ್ಳಬೇಕಾದ್ದು ಇದನ್ನೇ. ಸದಸ್ಯೆಯೊಬ್ಬರು ‘ಸಭೆ ಯಾವಾಗ?’ ಎಂಬ ವಿಷಯದ ಪತ್ರ ಬರೆದರು ಅನ್ನಿ. ಅವರ ಸರ್ವರ್ ಆ ವಿಷಯ, ಒಕ್ಕಣೆ ಎರಡನ್ನೂ ಸೇರಿಸಿ ಡಿಕಿಮ್ ಸಹಿ (ಪತ್ರ ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಹಾಕುತ್ತದೆ. ನಮ್ಮ ಲಿಸ್ಟ್ ವಿಷಯದ ಮುಂದೆ ‘ಓದುಗರ ಬಳಗ’ ಎಂದು ಅಂಟಿಸಿ, ಕೊನೆಗೆ ಎರಡು ಸಾಲು ಸೇರಿಸಿದರೆ ಸಹಿ ಮುರಿಯಿತು. ಎಸ್‌ಪಿಎಫ್ (ಕಳಿಸಿದ ಸರ್ವರ್‌ಗೆ ಡೊಮೇನ್‌ನ ಅನುಮತಿ ಇದೆಯೇ ಎಂಬ ಪರೀಕ್ಷೆ) ಪಾಸಾದರೂ ಅದು ಲಿಸ್ಟ್‌ನ ಡೊಮೇನ್‌ಗೆ. ‘ಫ್ರಮ್’ನಲ್ಲಿರುವುದು ಅವರ ಡೊಮೇನ್. ಎರಡೂ ಕೈಕೊಟ್ಟರೆ ಡಿಮಾರ್ಕ್ ಸೋಲುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ‘ರಿಜೆಕ್ಟ್’ ನೀತಿ (ಡಿಮಾರ್ಕ್ ಸೋತರೆ ಮೇಲನ್ನು ತಿರಸ್ಕರಿಸಿ) ಜಾರಿಗೆ ತಂದಾಗ ಲೋಕದ ಎಷ್ಟೋ ಲಿಸ್ಟ್‌ಗಳು ಇದೇ ಕಾರಣಕ್ಕೆ ತತ್ತರಿಸಿದವು. ಪತ್ರ ಬರೆದದ್ದು ಯಾಹೂ ಸದಸ್ಯ. ಆದರೆ ಬೌನ್ಸ್ (ತಲುಪದೆ ಮರಳಿದ ಮೇಲ್) ಲೆಕ್ಕ ಏರಿದ್ದು ಅದನ್ನು ಪಡೆಯಬೇಕಿದ್ದ ಬೇರೆಯವರದು. ಲೆಕ್ಕ ಹೆಚ್ಚಾದರೆ ಲಿಸ್ಟ್ ಆ ಸದಸ್ಯರಿಗೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಹಾಗೆ ಏನೂ ಮಾಡದವರಿಗೆ ಪತ್ರಗಳೇ ನಿಂತುಹೋದವು.

ದಾರಿ ಎರಡಿದೆ. ಒಂದು, ಪತ್ರವನ್ನು ಮುಟ್ಟದೆ ಬಂದ ಹಾಗೇ ದಾಟಿಸುವುದು. ಲಿಸ್ಟ್ ಬಿಡುವ ಕೊಂಡಿಯನ್ನು ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಹೆಡರ್‌ನಲ್ಲಿ (ಒಕ್ಕಣೆಗೆ ಮೇಲಿರುವ ಮಾಹಿತಿ ಸಾಲುಗಳಲ್ಲಿ ಒಂದು) ಇಡಬಹುದು. ಚಿಕ್ಕ ಬಳಗಕ್ಕೆ ನನಗೆ ಇದೇ ಇಷ್ಟ. ಇನ್ನೊಂದು, ‘ಫ್ರಮ್’ನಲ್ಲಿ ಲಿಸ್ಟ್‌ನ ವಿಳಾಸ ಹಾಕಿ, ಬರೆದವರ ವಿಳಾಸವನ್ನು ‘ರಿಪ್ಲೈ-ಟು’ಗೆ ಸರಿಸುವುದು. ಬಿಗಿ ನೀತಿಯ ಡೊಮೇನ್‌ಗಳಿಗೆ ಮಾತ್ರ ಹೀಗೆ ಮಾಡುವ ಆಯ್ಕೆಯೂ ಮೇಲ್‌ಮ್ಯಾನ್‌ನಲ್ಲಿದೆ.

ಯಾರನ್ನೂ ಸೇರಿಸುವ ಮೊದಲು ನಿಮ್ಮದೇ ಎರಡು ಮೂರು ಕಡೆಯ ವಿಳಾಸಗಳನ್ನು ಸೇರಿಸಿ, ಒಂದರಿಂದ ಪತ್ರ ಬರೆದು, ಇನ್ನೊಂದರಲ್ಲಿ ಪೂರ್ತಿ ಹೆಡರ್ ತೆರೆದು ನೋಡಿ. ‘ಡಿಮಾರ್ಕ್ ಪಾಸ್’ ಎಂದು ಕಾಣುವ ತನಕ ಯಾರಿಗೂ ಆಹ್ವಾನ ಬೇಡ.